ಬ್ರೋಷರ್ ಬಂತು, ಮುಂದೇನು?

ಓದುಗರ ಪ್ರಶ್ನೆ – ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಅಮೆರಿಕ ಮತ್ತು ಬ್ರಿಟನ್‌ನಲ್ಲಿ ಪದವಿ ಓದಲು ಅರ್ಜಿ ಹಾಕುವವರದು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಮಗಳು ಹನ್ನೊಂದನೇ ತರಗತಿಯಲ್ಲಿದ್ದಾಳೆ. ಅಮೆರಿಕದ ಹತ್ತು ಹನ್ನೆರಡು ಕಾಲೇಜುಗಳ ಬ್ರೋಷರ್ ತರಿಸಿಕೊಳ್ಳಬೇಕೆಂದಿದ್ದೇವೆ. ಹೇಗೆ ಕೇಳಬೇಕು? ಅಂಚೆಯಲ್ಲಿ ಕಳಿಸುತ್ತಾರೆಯೇ? ದುಡ್ಡು ಕೊಡಬೇಕೇ?

ದುಡ್ಡು ಕೊಡಬೇಕಾಗಿಲ್ಲ. ಬ್ರೋಷರಿಗೆ ಯಾರಾದರೂ ಹಣ ಕೇಳಿದರೆ ಅವರು ಮಧ್ಯವರ್ತಿಗಳೇ ಹೊರತು ಕಾಲೇಜಿನವರಲ್ಲ. ಕಾಲೇಜಿನ ಜಾಲತಾಣದ ಅಡ್ಮಿಷನ್ಸ್ ಪುಟದಲ್ಲಿ ‘ರಿಕ್ವೆಸ್ಟ್ ಇನ್ಫರ್ಮೇಷನ್’ ಅಥವಾ ‘ಮೇಲಿಂಗ್ ಲಿಸ್ಟ್’ ಎಂಬ ಕೊಂಡಿ ಇರುತ್ತದೆ. ಅದನ್ನು ಒತ್ತಿದರೆ ಚಿಕ್ಕದೊಂದು ಫಾರ್ಮ್ ತೆರೆದುಕೊಳ್ಳುತ್ತದೆ. ಹೆಸರು, ಜನ್ಮದಿನಾಂಕ, ಇಮೇಲ್, ವಿಳಾಸ, ಓದುತ್ತಿರುವ ಶಾಲೆ, ಸೇರಬೇಕೆಂದಿರುವ ವರ್ಷ, ಆಸಕ್ತಿಯ ವಿಷಯ ಇಷ್ಟನ್ನು ಕೇಳುತ್ತಾರೆ. ತುಂಬಲು ಐದು ನಿಮಿಷ ಸಾಕು, ಆದರೆ ಮುಂದಿನ ಎಷ್ಟೋ ತೊಂದರೆಗಳು ಹುಟ್ಟುವುದು ಈ ಐದು ನಿಮಿಷದಲ್ಲೇ.

ಮೊದಲನೆಯದು ಸೇರುವ ವರ್ಷ. ಈಗಿನ ಇಸವಿಯನ್ನಲ್ಲ, ಹನ್ನೆರಡನೇ ತರಗತಿ ಮುಗಿಯುವ ಇಸವಿಯನ್ನು ಹಾಕಬೇಕು. ಅವಧಿ ಕೇಳಿದರೆ ‘ಫಾಲ್’ ಎಂದು ಆರಿಸಿ. ಅಲ್ಲಿನ ಶೈಕ್ಷಣಿಕ ವರ್ಷ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರಿನಲ್ಲಿ ಶುರುವಾಗುತ್ತದೆ. ‘ಫಸ್ಟ್ ಇಯರ್’, ‘ಟ್ರಾನ್ಸ್‌ಫರ್’, ‘ಗ್ರ್ಯಾಜುಯೇಟ್’ ಎಂಬ ಮೂರರಲ್ಲಿ ಒಂದನ್ನು ಆರಿಸುವಾಗಲೂ ಎಚ್ಚರ ಬೇಕು. ಅಲ್ಲಿ ‘ಗ್ರ್ಯಾಜುಯೇಟ್’ ಎಂದರೆ ಸ್ನಾತಕೋತ್ತರ ವಿಭಾಗ. ತಪ್ಪಾಗಿ ಆರಿಸಿದರೆ ಬೇರೆಯೇ ಕಚೇರಿಯಿಂದ, ನಿಮಗೆ ಬೇಡದ ಕಾಗದಗಳೆಲ್ಲ ಬರುತ್ತವೆ.

ಎರಡನೆಯದು ಹೆಸರು ಮತ್ತು ಇಮೇಲ್. ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಹೆಸರು ಬರೆಯಿರಿ. ಪ್ರವೇಶದ ಕೆಲಸಕ್ಕೆಂದೇ ಮಗಳ ಹೆಸರಿನಲ್ಲಿ ಒಂದು ಹೊಸ ಇಮೇಲ್ ತೆರೆದು, ಬ್ರೋಷರ್ ಕೇಳುವುದರಿಂದ ಹಿಡಿದು ಎಸ್‌ಎಟಿ (ಅಮೆರಿಕದ ಕಾಲೇಜು ಪ್ರವೇಶಕ್ಕೆ ಬಳಸುವ ಪರೀಕ್ಷೆ) ನೋಂದಣಿ, ಅರ್ಜಿ, ಶುಲ್ಕ ಪಾವತಿವರೆಗೆ ಅದೊಂದನ್ನೇ ಬಳಸಿ. ಕಾಲೇಜಿನ ತಂತ್ರಾಂಶ ಹೆಸರು, ಜನ್ಮದಿನಾಂಕ, ಇಮೇಲ್ ಹೋಲಿಸಿಯೇ ಒಬ್ಬ ವಿದ್ಯಾರ್ಥಿಯ ದಾಖಲೆಗಳನ್ನೆಲ್ಲ ಒಂದು ಕಡತಕ್ಕೆ ಸೇರಿಸುತ್ತದೆ. ಬ್ರೋಷರಿಗೆ ಅಪ್ಪನ ಇಮೇಲ್, ಅರ್ಜಿಗೆ ಮಗಳದು ಎಂದಾದರೆ ಒಬ್ಬಳೇ ಹುಡುಗಿಗೆ ಎರಡು ಕಡತ ಹುಟ್ಟಿ, ಅಂಕಗಳು ಒಂದರಲ್ಲಿ, ಅರ್ಜಿ ಇನ್ನೊಂದರಲ್ಲಿ ಕೂರುತ್ತವೆ.

ಅಂಚೆಯ ಮಾತು. ದೇಶದಾಚೆಗೆ ಮುದ್ರಿತ ಪುಸ್ತಕ ಕಳಿಸುವುದನ್ನು ಅನೇಕ ಕಾಲೇಜುಗಳು ಬಿಟ್ಟಿವೆ. ಪಿಡಿಎಫ್ ಅಥವಾ ಕೊಂಡಿ ಕಳಿಸುತ್ತಾರೆ. ಅದರಿಂದ ನಷ್ಟವೇನೂ ಇಲ್ಲ. ಬಣ್ಣದ ಚಿತ್ರಗಳ ದಪ್ಪ ಪುಸ್ತಕಕ್ಕಿಂತ ಮೂರು ಚಿಕ್ಕ ದಾಖಲೆಗಳು ಹೆಚ್ಚು ಬೆಲೆಯುಳ್ಳವು: ನೀವು ಓದಬೇಕೆಂದಿರುವ ವಿಭಾಗದ ಪ್ರತ್ಯೇಕ ಮಾಹಿತಿ ಪತ್ರಿಕೆ, ವಿದೇಶಿ ಅರ್ಜಿದಾರರ ಕೈಪಿಡಿ, ವಿದೇಶಿ ವಿದ್ಯಾರ್ಥಿಗಳ ಹಣಕಾಸು ನೆರವಿನ ನಿಯಮ. ಫಾರ್ಮ್ ತುಂಬಿದ ಮೇಲೆ ಅಡ್ಮಿಷನ್ಸ್ ಕಚೇರಿಗೆ ನಾಲ್ಕು ಸಾಲಿನ ಇಮೇಲ್ ಬರೆದು ಇವನ್ನು ಹೆಸರು ಹೇಳಿ ಕೇಳಿ. ‘ನಿಮ್ಮ ಕಾಲೇಜಿನ ಎಲ್ಲ ವಿವರ ಕಳಿಸಿ’ ಎಂದು ಬರೆದರೆ ಸಿದ್ಧ ಉತ್ತರ ಬರುತ್ತದೆ. ಜಾಲತಾಣದಲ್ಲಿ ಸಿಗದ ಒಂದು ನಿರ್ದಿಷ್ಟ ಪ್ರಶ್ನೆ ಕೇಳಿದರೆ ಮನುಷ್ಯರೇ ಉತ್ತರ ಬರೆಯುವ ಸಂಭವ ಹೆಚ್ಚು. ಪತ್ರ ಮಗಳೇ ಬರೆಯಲಿ.

ಪ್ರಶ್ನೆ: ಒಂದು ಪ್ರಸಿದ್ಧ ವಿಶ್ವವಿದ್ಯಾಲಯದಿಂದ ಮಗನ ಹೆಸರಿಗೇ ಪತ್ರ ಬಂದಿದೆ. ‘ನಿನ್ನಂಥವರನ್ನೇ ಹುಡುಕುತ್ತಿದ್ದೇವೆ, ಅರ್ಜಿ ಹಾಕು’ ಎಂದಿದೆ. ಸೀಟು ಸಿಗಬಹುದೆಂದು ಅರ್ಥವೇ?

ಅಲ್ಲ. ಪಿಎಸ್‌ಎಟಿ (ಎಸ್‌ಎಟಿಗೆ ಪೂರ್ವಾಭ್ಯಾಸದ ಪರೀಕ್ಷೆ) ಅಥವಾ ಎಸ್‌ಎಟಿ ನೋಂದಣಿ ವೇಳೆ ‘ಸ್ಟೂಡೆಂಟ್ ಸರ್ಚ್ ಸರ್ವಿಸ್’ಗೆ ಒಪ್ಪಿಗೆ ಕೊಟ್ಟಿದ್ದರೆ, ಈ ಪರೀಕ್ಷೆಗಳನ್ನು ನಡೆಸುವ ಕಾಲೇಜ್ ಬೋರ್ಡ್ ಸಂಸ್ಥೆ ಅಂಥ ವಿದ್ಯಾರ್ಥಿಗಳ ವಿವರಗಳನ್ನು ಕಾಲೇಜುಗಳಿಗೆ ಹಣ ಪಡೆದು ಒದಗಿಸುತ್ತದೆ. ನೂರಕ್ಕೆ ಐದು ಮಂದಿಗೂ ಸೀಟು ಕೊಡದ ಕಾಲೇಜುಗಳೂ ಇಂಥ ಪತ್ರಗಳನ್ನು ಧಾರಾಳವಾಗಿ ಕಳಿಸುತ್ತವೆ. ಕಾಲೇಜಿನ ಬಗ್ಗೆ ಮೊದಲೇ ಮನಸ್ಸಿದ್ದರೆ ಓದಿ, ಇಲ್ಲದಿದ್ದರೆ ಪಕ್ಕಕ್ಕಿಡಿ. ಪತ್ರ ಬಂತೆಂಬ ಒಂದೇ ಕಾರಣಕ್ಕೆ ಅರ್ಜಿ ಶುಲ್ಕ ಕಟ್ಟಬೇಡಿ.

ಪ್ರಶ್ನೆ: ಎಲ್ಲ ಬ್ರೋಷರುಗಳೂ ಒಂದೇ ಥರ ಇವೆ. ಹುಲ್ಲುಹಾಸು, ನಗುವ ಹುಡುಗರು, ‘ವಿಶ್ವದರ್ಜೆಯ ಶಿಕ್ಷಣ’. ಇದರಲ್ಲಿ ಏನನ್ನು ನೋಡಿ ಆರಿಸುವುದು?

ಬ್ರೋಷರ್ ಒಂದು ಜಾಹೀರಾತು. ಅದನ್ನು ಪಕ್ಕದಲ್ಲಿಟ್ಟುಕೊಂಡು ಇನ್ನೆರಡು ದಾಖಲೆ ತೆರೆಯಿರಿ.

ಒಂದು, ‘ಕಾಮನ್ ಡೇಟಾ ಸೆಟ್’. ಅಮೆರಿಕದ ಬಹಳಷ್ಟು ಕಾಲೇಜುಗಳು ಪ್ರತಿ ವರ್ಷ ಒಂದೇ ನಮೂನೆಯಲ್ಲಿ ತುಂಬಿ ಪ್ರಕಟಿಸುವ ಅಂಕಿಅಂಶ ಪಟ್ಟಿ ಇದು. ಕಾಲೇಜಿನ ಹೆಸರಿನ ಜೊತೆ ಈ ಮೂರು ಪದ ಸೇರಿಸಿ ಹುಡುಕಿದರೆ ಸಿಗುತ್ತದೆ. ಎ ಯಿಂದ ಜೆ ವರೆಗೆ ಭಾಗಗಳಿರುತ್ತವೆ; ಪೂರ್ತಿ ಓದಬೇಕಾಗಿಲ್ಲ. ಸಿ1ರಲ್ಲಿ ಎಷ್ಟು ಜನ ಅರ್ಜಿ ಹಾಕಿದರು, ಎಷ್ಟು ಜನರಿಗೆ ಸಿಕ್ಕಿತು, ಎಷ್ಟು ಜನ ಸೇರಿದರು ಎಂಬುದಿದೆ. ಸಿ7 ಎಲ್ಲಕ್ಕಿಂತ ಮುಖ್ಯ. ಅಂಕ, ಪ್ರಬಂಧ, ಶಿಫಾರಸು ಪತ್ರ, ಚಟುವಟಿಕೆ ಇವುಗಳಲ್ಲಿ ಯಾವುದು ಆ ಕಾಲೇಜಿಗೆ ಅತಿ ಮುಖ್ಯ, ಯಾವುದನ್ನು ಗಣಿಸುವುದೇ ಇಲ್ಲ ಎಂದು ಅವರೇ ಗುರುತು ಹಾಕಿರುತ್ತಾರೆ. ಅದರಲ್ಲೇ ‘ಅರ್ಜಿದಾರರ ಆಸಕ್ತಿಯ ಮಟ್ಟ’ ಎಂಬ ಸಾಲಿದೆ. ಅಲ್ಲಿ ‘ಗಣಿಸುತ್ತೇವೆ’ ಎಂದಿದ್ದರೆ ಅವರ ಇಮೇಲ್ ತೆರೆದಿದ್ದು, ಆನ್‌ಲೈನ್ ಸಭೆಗೆ ಬಂದಿದ್ದು ಲೆಕ್ಕಕ್ಕೆ ಬರಬಹುದು. ‘ಗಣಿಸುವುದಿಲ್ಲ’ ಎಂದಿದ್ದರೆ ಬ್ರೋಷರ್ ತರಿಸಿದರೂ ಬಿಟ್ಟರೂ ಒಂದೇ.

ಐ3ರಲ್ಲಿ ತರಗತಿಗಳ ಗಾತ್ರವಿದೆ. ‘ಇಪ್ಪತ್ತು ವಿದ್ಯಾರ್ಥಿಗೆ ಒಬ್ಬ ಅಧ್ಯಾಪಕ’ ಎಂದು ಬ್ರೋಷರ್ ಹೇಳುವುದು ಸರಾಸರಿಯ ಮಾತು. ಮೊದಲ ವರ್ಷದ ರಸಾಯನಶಾಸ್ತ್ರಕ್ಕೆ ಮುನ್ನೂರು ಜನ ಕೂತಿರಬಹುದು. ನೂರಕ್ಕಿಂತ ಹೆಚ್ಚು ಜನರಿರುವ ತರಗತಿಗಳು ಎಷ್ಟು ಎಂಬ ಅಂಕಣ ನೋಡಿದರೆ ಗೊತ್ತಾಗುತ್ತದೆ. ಬಿ ಭಾಗದಲ್ಲಿ ಎಷ್ಟು ಜನ ನಾಲ್ಕೇ ವರ್ಷದಲ್ಲಿ ಪದವಿ ಮುಗಿಸಿದರು, ಮೊದಲ ವರ್ಷದ ಬಳಿಕ ಎಷ್ಟು ಜನ ಮರಳಿ ಬಂದರು ಎಂಬುದು ಸಿಗುತ್ತದೆ. ಒಂದು ವರ್ಷ ಹೆಚ್ಚಾದರೆ ಒಂದು ವರ್ಷದ ಶುಲ್ಕ, ವಾಸ, ಊಟ ಎಲ್ಲ ಹೆಚ್ಚು. ನಾಲ್ಕು ವರ್ಷದ ಸಂಖ್ಯೆಗೂ ಆರು ವರ್ಷದ ಸಂಖ್ಯೆಗೂ ನಡುವೆ ದೊಡ್ಡ ಅಂತರವಿದ್ದರೆ ಕಾರಣ ಕೇಳಿ. ಎಚ್6 ವಿದೇಶಿ ವಿದ್ಯಾರ್ಥಿಗಳಿಗೆ ಕೊಟ್ಟ ನೆರವಿನದು: ಎಷ್ಟು ಜನಕ್ಕೆ, ಸರಾಸರಿ ಎಷ್ಟು.

ಎರಡನೆಯ ದಾಖಲೆ ‘ಕೆಟಲಾಗ್’, ಕೆಲವೆಡೆ ‘ಬುಲೆಟಿನ್’. ಚಿತ್ರಗಳಿಲ್ಲದ, ನೂರಾರು ಪುಟಗಳ ನಿಯಮಾವಳಿ. ಪದವಿಗೆ ಬೇಕಾದ ಕ್ರೆಡಿಟ್ (ಕೋರ್ಸುಗಳನ್ನು ಅಳೆಯುವ ಘಟಕ), ಸಾಮಾನ್ಯವಾಗಿ 120, ಹೇಗೆ ಹಂಚಿಕೆಯಾಗಿದೆ, ಯಾವ ಕೋರ್ಸಿಗೆ ಮುಂಚೆ ಯಾವುದು ಮುಗಿಸಿರಬೇಕು ಎಂಬುದೆಲ್ಲ ಇಲ್ಲಿದೆ. ಕಂಪ್ಯೂಟರ್ ಸೈನ್ಸ್, ನರ್ಸಿಂಗ್, ಬಿಸಿನೆಸ್ ಬಯಸುವವರು ಒಂದನ್ನು ತಪ್ಪದೆ ನೋಡಬೇಕು: ಕಾಲೇಜಿಗೆ ಸೇರಿದ ಮಾತ್ರಕ್ಕೆ ಆ ವಿಭಾಗ ಸಿಗುತ್ತದೆಯೇ, ಇಲ್ಲ ಒಂದೆರಡು ವರ್ಷದ ಅಂಕ ನೋಡಿ ಮತ್ತೆ ಆಯ್ಕೆ ಮಾಡುತ್ತಾರೆಯೇ? ಬ್ರೋಷರ್ ಈ ವಿಷಯದಲ್ಲಿ ತುಟಿ ಬಿಚ್ಚುವುದು ಕಡಿಮೆ.

ಬ್ರಿಟನ್‌ನಲ್ಲಿ ಲೆಕ್ಕ ಸ್ವಲ್ಪ ಬೇರೆ. ಅಲ್ಲಿನ ಪ್ರಾಸ್ಪೆಕ್ಟಸ್ ಕೋರ್ಸ್ ಆರಂಭಕ್ಕೆ ಒಂದು ವರ್ಷಕ್ಕೂ ಮುಂಚೆಯೇ ಅಚ್ಚಾಗಿರುತ್ತದೆ, ಹಾಗಾಗಿ ಶುಲ್ಕ ಮತ್ತು ಐಚ್ಛಿಕ ವಿಷಯಗಳ ಪಟ್ಟಿ ಬದಲಾಗಿರಬಹುದು. ವಿದ್ಯಾರ್ಥಿಯೂ ಗ್ರಾಹಕನೇ, ಕೋರ್ಸಿನ ವಿವರ ಮತ್ತು ಒಟ್ಟು ವೆಚ್ಚವನ್ನು ಸ್ಪಷ್ಟವಾಗಿ ತಿಳಿಸಬೇಕು ಎಂದು ಅಲ್ಲಿನ ಸ್ಪರ್ಧೆ ಮತ್ತು ಮಾರುಕಟ್ಟೆ ಪ್ರಾಧಿಕಾರ 2015ರಲ್ಲೇ ವಿಶ್ವವಿದ್ಯಾಲಯಗಳಿಗೆ ಸೂಚಿಸಿದೆ. ಆದ್ದರಿಂದ ಅರ್ಜಿ ಹಾಕುವ ದಿನ ಕೋರ್ಸಿನ ವೆಬ್ ಪುಟವನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ನಾಳೆ ಮಾತು ಬದಲಾದರೆ ತೋರಿಸಲು ಬೇಕಾಗುತ್ತದೆ.

ಪ್ರಶ್ನೆ: ಹೆಸರೇ ಕೇಳಿರದ ಒಂದು ಅಮೆರಿಕನ್ ವಿಶ್ವವಿದ್ಯಾಲಯದ ಬ್ರೋಷರ್ ತುಂಬ ಚೆನ್ನಾಗಿದೆ. ನಿಜವೇ ನಕಲಿಯೇ ತಿಳಿಯುವುದು ಹೇಗೆ?

ಅಮೆರಿಕದ ಶಿಕ್ಷಣ ಇಲಾಖೆಯ ‘ಡಾಪಿಪ್’ ಎಂಬ ಮಾನ್ಯತಾ ದತ್ತಾಂಶದಲ್ಲಿ ಹೆಸರಿದೆಯೇ ನೋಡಿ. ಜೊತೆಗೆ, ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಐ-20 ಪತ್ರ ಕೊಡಲು ಅನುಮತಿಯುಳ್ಳ ಸಂಸ್ಥೆಗಳ ಪಟ್ಟಿ ‘ಸ್ಟಡಿ ಇನ್ ದಿ ಸ್ಟೇಟ್ಸ್’ ತಾಣದಲ್ಲಿದೆ. ಎರಡೂ ಬೇಕು, ಆದರೆ ಎರಡೇ ಸಾಲವು. ಮಿಷಿಗನ್ನಿನ ‘ಯೂನಿವರ್ಸಿಟಿ ಆಫ್ ಫಾರ್ಮಿಂಗ್ಟನ್’ಗೆ ಜಾಲತಾಣವಿತ್ತು, ಲಾಂಛನವಿತ್ತು, ಸರ್ಕಾರಿ ಪಟ್ಟಿಯಲ್ಲಿ ಹೆಸರೂ ಇತ್ತು. ಇಲ್ಲದಿದ್ದದ್ದು ಅಧ್ಯಾಪಕರು ಮತ್ತು ತರಗತಿಗಳು. ವೀಸಾ ಅಕ್ರಮ ಹಿಡಿಯಲು ಅಮೆರಿಕದ ಆಂತರಿಕ ಭದ್ರತಾ ಇಲಾಖೆಯೇ ಅದನ್ನು ನಡೆಸುತ್ತಿತ್ತೆಂದು 2019ರ ಜನವರಿಯಲ್ಲಿ ಬಯಲಾಯಿತು. ಅದರಲ್ಲಿ ಹೆಸರು ಬರೆಸಿದವರಲ್ಲಿ ಬಹುತೇಕರು ಭಾರತೀಯರು. ಅದಕ್ಕೂ ಮುಂಚೆ, 2011ರಲ್ಲಿ, ಕ್ಯಾಲಿಫೋರ್ನಿಯಾದ ಟ್ರೈ-ವ್ಯಾಲಿ ಯೂನಿವರ್ಸಿಟಿ ಮೇಲೆ ದಾಳಿ ನಡೆದು ಅದು ಮುಚ್ಚಿತು.

ಹಾಗಾಗಿ ಕೇಳಬೇಕಾದ ಪ್ರಶ್ನೆಗಳು ಸರಳ. ಈ ಅವಧಿಯ ವೇಳಾಪಟ್ಟಿ ಎಲ್ಲಿದೆ? ನನ್ನ ವಿಭಾಗದ ಅಧ್ಯಾಪಕರ ಹೆಸರು, ಅವರ ಪ್ರಕಟಣೆಗಳು ಎಲ್ಲಿವೆ? ಈಗ ಓದುತ್ತಿರುವ ಇಬ್ಬರು ವಿದ್ಯಾರ್ಥಿಗಳ ಜೊತೆ ಮಾತಾಡಬಹುದೇ? ‘ತರಗತಿಗೆ ಬರಬೇಕಾಗಿಲ್ಲ, ಮೊದಲ ದಿನದಿಂದ ಕೆಲಸ ಮಾಡಬಹುದು’ ಎಂದರೆ ಅಲ್ಲಿಗೇ ಮಾತು ನಿಲ್ಲಿಸಿ.

ಪ್ರಶ್ನೆ: ‘ಕಾಮನ್ ಆ್ಯಪ್’ ಎಂದರೆ ಒಂದೇ ಅರ್ಜಿಯಲ್ಲಿ ಎಲ್ಲ ಕಾಲೇಜು ಮುಗಿಯುತ್ತದೆಯೇ? ಯಾವಾಗ ಶುರು ಮಾಡಬೇಕು?

ಎಲ್ಲವೂ ಮುಗಿಯುವುದಿಲ್ಲ. ಸಾವಿರಕ್ಕೂ ಹೆಚ್ಚು ಕಾಲೇಜುಗಳು ಇದರಲ್ಲಿವೆ, ಒಬ್ಬರು 20 ಕಾಲೇಜುಗಳವರೆಗೆ ಸೇರಿಸಬಹುದು. ಆದರೆ ಎಂಐಟಿಗೆ ಅದರದೇ ಅರ್ಜಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಒಂಬತ್ತು ಕ್ಯಾಂಪಸ್‌ಗಳಿಗೆ ಸೇರಿ ಇನ್ನೊಂದು ಅರ್ಜಿ. ಈ ಕೊನೆಯದರಲ್ಲಿ ಫಾರ್ಮ್ ಒಂದೇ ಆದರೂ ಶುಲ್ಕ ಪ್ರತಿ ಕ್ಯಾಂಪಸ್‌ಗೆ ಬೇರೆ ಬೇರೆ. ಎಂಟು ಪ್ರಶ್ನೆಗಳಲ್ಲಿ ನಾಲ್ಕಕ್ಕೆ ತಲಾ 350 ಪದಗಳೊಳಗೆ ಉತ್ತರ ಬರೆಯಬೇಕು. ಎಸ್‌ಎಟಿ ಅಂಕವನ್ನು ಪ್ರವೇಶಕ್ಕೆ ನೋಡುವುದಿಲ್ಲ.

ಕಾಮನ್ ಆ್ಯಪ್‌ನ ಹೊಸ ವರ್ಷದ ಅರ್ಜಿ ಆಗಸ್ಟ್ 1ಕ್ಕೆ ತೆರೆಯುತ್ತದೆ. ಮುಖ್ಯ ಪ್ರಬಂಧ 250ರಿಂದ 650 ಪದ. ಚಟುವಟಿಕೆಗಳು ಹತ್ತಕ್ಕೆ ಸೀಮಿತ, ಒಂದೊಂದರ ವಿವರಣೆಗೆ 150 ಅಕ್ಷರ ಮಾತ್ರ, ಖಾಲಿ ಜಾಗವೂ ಸೇರಿ. ಅದರಲ್ಲಿ ‘ನಾಯಕತ್ವ ಗುಣ ಬೆಳೆಸಿಕೊಂಡೆ’ ಎಂಬಂಥ ಮಾತಿಗೆ ಜಾಗವಿಲ್ಲ. ಏನು ಮಾಡಿದೆ, ಎಷ್ಟು ಜನರಿಗೆ, ವಾರಕ್ಕೆ ಎಷ್ಟು ಗಂಟೆ ಎಂಬುದಷ್ಟೇ ಇರಲಿ.

ಪ್ರಬಂಧದ ಬಗ್ಗೆ ತಲೆ ಕೆಡಿಸಿಕೊಳ್ಳುವಷ್ಟು ಶಾಲೆಯ ಕಾಗದಗಳ ಬಗ್ಗೆ ಯಾರೂ ಕೆಡಿಸಿಕೊಳ್ಳುವುದಿಲ್ಲ, ಅರ್ಜಿ ಅಲ್ಲೇ ಸಿಕ್ಕಿಬೀಳುತ್ತದೆ. ಅಂಕಪಟ್ಟಿ, ಸ್ಕೂಲ್ ರಿಪೋರ್ಟ್, ಕೌನ್ಸೆಲರ್ ಪತ್ರ ಇವನ್ನು ವಿದ್ಯಾರ್ಥಿ ಅಪ್‌ಲೋಡ್ ಮಾಡುವಂತಿಲ್ಲ, ಶಾಲೆಯೇ ಮಾಡಬೇಕು. ಶಾಲೆಯಲ್ಲಿ ಕೌನ್ಸೆಲರ್ ಇಲ್ಲದಿದ್ದರೆ ಪ್ರಾಂಶುಪಾಲರು ಆ ಜಾಗದಲ್ಲಿ ನಿಲ್ಲಬಹುದು. ಇವರ ಜೊತೆಗೆ ಬಹಳಷ್ಟು ಕಾಲೇಜುಗಳು ಒಬ್ಬರು ಅಥವಾ ಇಬ್ಬರು ಅಧ್ಯಾಪಕರ ಶಿಫಾರಸು ಪತ್ರ ಕೇಳುತ್ತವೆ. ಅವರನ್ನು ಆಹ್ವಾನಿಸುವ ಮೊದಲು ‘ಫರ್ಪಾ’ ಎಂಬ, ವಿದ್ಯಾರ್ಥಿ ದಾಖಲೆಗಳ ಕುರಿತ ಅಮೆರಿಕದ ಕಾನೂನಿನ ಘೋಷಣೆಗೆ ಸಹಿ ಹಾಕಬೇಕು. ‘ಶಿಫಾರಸು ಪತ್ರ ನೋಡುವ ಹಕ್ಕನ್ನು ಬಿಟ್ಟುಕೊಡುತ್ತೇನೆ’ ಎಂಬ ಆಯ್ಕೆಯನ್ನು ಹೆಚ್ಚಿನವರು ಒಪ್ಪುತ್ತಾರೆ. ಒಪ್ಪದಿದ್ದರೆ ಪತ್ರದ ಮೇಲಿನ ನಂಬಿಕೆ ಕಡಿಮೆಯಾಗುತ್ತದೆ. ಅಧ್ಯಾಪಕರ ಇಮೇಲ್ ಆದಷ್ಟು ಶಾಲೆಯ ವಿಳಾಸವೇ ಆಗಿರಲಿ. ಗಡುವಿಗೆ ಕನಿಷ್ಠ ಒಂದು ತಿಂಗಳ ಮುಂಚೆ ಕೇಳಿ, ಆಹ್ವಾನದ ಇಮೇಲ್ ಸ್ಪ್ಯಾಮ್ ಪೆಟ್ಟಿಗೆಗೆ ಬಿದ್ದಿಲ್ಲವೆಂದು ವಿಚಾರಿಸಿ.

ಗಡಿಯಾರದ ವಿಷಯವೂ ಗೊತ್ತಿರಲಿ. ಕಾಮನ್ ಆ್ಯಪ್‌ನ ರಾತ್ರಿ 11.59 ಸಾಮಾನ್ಯವಾಗಿ ನೀವಿರುವ ಜಾಗದ ಸಮಯ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ್ದು ಪೆಸಿಫಿಕ್ ಸಮಯ, ಅಂದರೆ ಅಮೆರಿಕದ ಪಶ್ಚಿಮ ಕರಾವಳಿಯದು. ಬ್ರಿಟನ್‌ನಲ್ಲಿ ಪದವಿ ಅರ್ಜಿಗಳನ್ನು ಸ್ವೀಕರಿಸುವ ಯುಕಾಸ್ ಸಂಸ್ಥೆ ಸಂಜೆ ಆರಕ್ಕೆ, ಅಲ್ಲಿನ ಸಮಯಕ್ಕೆ, ಬಾಗಿಲು ಹಾಕುತ್ತದೆ.

ಪ್ರಶ್ನೆ: ‘ಅರ್ಲಿ ಡಿಸಿಷನ್’ ಹಾಕಿದರೆ ಸುಲಭವಾಗಿ ಸಿಗುತ್ತದಂತೆ. ನಮಗೆ ಹಣಕಾಸು ನೆರವು ಬೇಕು. ಹಾಕಬಹುದೇ?

ಅರ್ಲಿ ಡಿಸಿಷನ್ ಎಂದರೆ ‘ಸಿಕ್ಕರೆ ಬಂದೇ ಬರುತ್ತೇನೆ’ ಎಂಬ ಕರಾರು. ವಿದ್ಯಾರ್ಥಿ, ಪೋಷಕರು, ಕೌನ್ಸೆಲರ್ ಮೂವರ ಸಹಿ ಬೇಕು. ಏಕಕಾಲಕ್ಕೆ ಒಂದೇ ಕಾಲೇಜಿಗೆ ಹಾಕಬಹುದು. ಗಡುವು ಸಾಮಾನ್ಯವಾಗಿ ನವೆಂಬರ್ 1 ಅಥವಾ 15, ಫಲಿತಾಂಶ ಡಿಸೆಂಬರಿನಲ್ಲಿ. ಬೇಗ ಅರ್ಜಿ ಹಾಕುವ ಇನ್ನೊಂದು ದಾರಿಯಾದ ‘ಅರ್ಲಿ ಆಕ್ಷನ್’ನಲ್ಲಿ ಈ ಕರಾರಿಲ್ಲ.

ಕಾಲೇಜು ಕೊಡುವ ನೆರವು ಸಾಲದಿದ್ದರೆ ಕರಾರಿನಿಂದ ಬಿಡುಗಡೆ ಕೇಳಬಹುದು, ಹೆದರಬೇಕಾಗಿಲ್ಲ. ಆದರೆ ನಾಲ್ಕು ಕಾಲೇಜುಗಳ ನೆರವನ್ನು ಹೋಲಿಸಿ ಆರಿಸುವ ಅವಕಾಶ ಕೈತಪ್ಪುತ್ತದೆ. ಇದಕ್ಕಿಂತ ಮೊದಲು ತಿಳಿಯಬೇಕಾದ್ದು ಇನ್ನೊಂದಿದೆ. ಅಮೆರಿಕದ ಹೆಚ್ಚಿನ ಕಾಲೇಜುಗಳು ವಿದೇಶಿ ಅರ್ಜಿದಾರರು ನೆರವು ಕೇಳಿದ್ದಾರೆಯೇ ಎಂಬುದನ್ನು ಆಯ್ಕೆಯ ವೇಳೆ ಗಮನಿಸುತ್ತವೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್‌ನಂಥ ಕೆಲವೇ ಕಾಲೇಜುಗಳು ಅದನ್ನು ನೋಡದೆ ಆರಿಸುತ್ತವೆ, ಅಲ್ಲಿ ಸ್ಪರ್ಧೆಯೂ ಅಷ್ಟೇ ತೀವ್ರ. ‘ನೆರವು ಬೇಡ’ ಎಂದು ಬರೆದು ಸೇರಿ, ಆಮೇಲೆ ಕೇಳೋಣ ಎಂಬ ಉಪಾಯ ಕೆಲಸಕ್ಕೆ ಬಾರದು. ಮೊದಲ ವರ್ಷ ಕೇಳದ ವಿದೇಶಿ ವಿದ್ಯಾರ್ಥಿಗೆ ಮುಂದೆ ಕೊಡುವುದಿಲ್ಲ ಎಂಬ ನಿಯಮ ಹಲವೆಡೆ ಇದೆ.

ನೆರವಿಗೆ ಬಹಳ ಕಡೆ ಕುಟುಂಬದ ಹಣಕಾಸಿನ ವಿವರ ಕೇಳುವ ‘ಸಿಎಸ್‌ಎಸ್ ಪ್ರೊಫೈಲ್’ ತುಂಬಬೇಕು. ‘ಫ್ಯಾಫ್ಸಾ’ ಎಂಬ ಸರ್ಕಾರಿ ನೆರವಿನ ಅರ್ಜಿ ಅಮೆರಿಕದ ಪ್ರಜೆಗಳು ಮತ್ತು ಅರ್ಹ ನಿವಾಸಿಗಳದ್ದು, ವಿದ್ಯಾರ್ಥಿ ವೀಸಾದಲ್ಲಿ ಹೋಗುವವರು ಅದನ್ನು ಮುಟ್ಟಬೇಕಾಗಿಲ್ಲ.

ಪ್ರಶ್ನೆ: ಬ್ರಿಟನ್‌ಗೆ ಐದು ವಿಶ್ವವಿದ್ಯಾಲಯ ಆರಿಸಿದ್ದೇನೆ. ಎರಡಕ್ಕೆ ಅರ್ಥಶಾಸ್ತ್ರ, ಮೂರಕ್ಕೆ ಮನಶ್ಶಾಸ್ತ್ರ. ಪ್ರತಿಯೊಂದಕ್ಕೂ ಬೇರೆ ಪತ್ರ ಬರೆಯಬಹುದೇ?

ಆಗದು. ಯುಕಾಸ್‌ನಲ್ಲಿ ಐದಕ್ಕೂ ಹೋಗುವುದು ಒಂದೇ ‘ಪರ್ಸನಲ್ ಸ್ಟೇಟ್‌ಮೆಂಟ್’, ಅಂದರೆ ನಿಮ್ಮ ಬಗ್ಗೆ ನೀವೇ ಬರೆಯುವ ಹೇಳಿಕೆ. ಎರಡು ವಿಷಯಕ್ಕೆ ಹೊಂದಿಸಲು ಹೋದರೆ ಐವರಿಗೂ ಅರೆಮನಸ್ಸಿನ ಅರ್ಜಿಯಾಗಿ ಕಾಣುತ್ತದೆ. ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ, ಇಲ್ಲವೇ ಎರಡೂ ಸೇರಿದ ಜಂಟಿ ಪದವಿ ಹುಡುಕಿ.

2026ರ ಪ್ರವೇಶದಿಂದ ಹೇಳಿಕೆಯ ರೂಪ ಬದಲಾಗಿದೆ. ಒಂದೇ ಪ್ರಬಂಧದ ಬದಲು ಮೂರು ಪ್ರಶ್ನೆಗಳು: ಈ ವಿಷಯ ಏಕೆ, ಓದು ನಿಮ್ಮನ್ನು ಹೇಗೆ ಸಿದ್ಧಗೊಳಿಸಿದೆ, ಓದಿನಾಚೆ ಏನು ಮಾಡಿದ್ದೀರಿ ಮತ್ತು ಅದರಿಂದೇನು ಉಪಯೋಗ. ಒಂದೊಂದಕ್ಕೂ ಕನಿಷ್ಠ 350 ಅಕ್ಷರ, ಒಟ್ಟು ಮಿತಿ 4,000. ಹಳೆಯ ಮಾದರಿಗಳನ್ನು ನಕಲು ಮಾಡಬೇಡಿ. ಹೋಲಿಕೆ ಪತ್ತೆಹಚ್ಚುವ ತಂತ್ರಾಂಶವಿದೆ, ಸಿಕ್ಕಿಬಿದ್ದರೆ ಐದೂ ವಿಶ್ವವಿದ್ಯಾಲಯಗಳಿಗೆ ಸುದ್ದಿ ಹೋಗುತ್ತದೆ. ಯಾವುದೇ ಒಂದು ವಿಶ್ವವಿದ್ಯಾಲಯದ ಹೆಸರನ್ನೂ ಎತ್ತಬೇಡಿ, ಉಳಿದ ನಾಲ್ವರೂ ಅದನ್ನೇ ಓದುತ್ತಾರೆ.

ಆಕ್ಸ್‌ಫರ್ಡ್, ಕೇಂಬ್ರಿಜ್, ವೈದ್ಯಕೀಯ, ದಂತವೈದ್ಯ, ಪಶುವೈದ್ಯಕ್ಕೆ ಗಡುವು ಅಕ್ಟೋಬರ್ 15. ಆಕ್ಸ್‌ಫರ್ಡ್, ಕೇಂಬ್ರಿಜ್ ಎರಡಕ್ಕೂ ಒಂದೇ ವರ್ಷ ಹಾಕುವಂತಿಲ್ಲ. ವೈದ್ಯಕೀಯಕ್ಕೆ ಐದರಲ್ಲಿ ನಾಲ್ಕು ಆಯ್ಕೆ ಮಾತ್ರ. ಯುಕ್ಯಾಟ್‌ನಂಥ ಪ್ರವೇಶ ಪರೀಕ್ಷೆಗೆ ಬೇರೆಯಾಗಿ, ಅರ್ಜಿಯ ಗಡುವಿಗೂ ಮುಂಚೆಯೇ ನೋಂದಾಯಿಸಬೇಕು. ಯುಕಾಸ್ ತುಂಬಿದರೆ ಪರೀಕ್ಷೆಗೂ ಸೇರಿತು ಎಂದುಕೊಂಡವರು ಒಂದು ವರ್ಷ ಕಾಯಬೇಕಾಗುತ್ತದೆ. ಮಿಕ್ಕ ಕೋರ್ಸುಗಳಿಗೆ ಗಡುವು ಜನವರಿಯಲ್ಲಿ. 2026ರ ಪ್ರವೇಶಕ್ಕೆ ಅದು ಜನವರಿ 14.

ಪ್ರಶ್ನೆ: ಪಾಸ್‌ಪೋರ್ಟಿನಲ್ಲಿ ‘ಸರ್‌ನೇಮ್’ ಖಾಲಿ ಇದೆ. ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಇನಿಷಿಯಲ್ ಇದೆ. ಅರ್ಜಿಯಲ್ಲಿ ಏನು ಬರೆಯಲಿ?

ಸಮಯವಿದ್ದರೆ ಅರ್ಜಿಗೆ ಮುಂಚೆಯೇ ಪಾಸ್‌ಪೋರ್ಟಿನಲ್ಲಿ ಹೆಸರನ್ನು ಎರಡು ಭಾಗ ಮಾಡಿಸಿಕೊಳ್ಳಿ, ಇನಿಷಿಯಲ್ ಬಿಡಿಸಿ ಬರೆಸಿ. ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಅದು ಸರ್‌ನೇಮ್ ಜಾಗಕ್ಕೆ ಹೋಗಿ, ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ತಿಳಿದಿಲ್ಲ ಎಂಬುದರ ಇಂಗ್ಲಿಷ್ ಸಂಕ್ಷೇಪ) ಎಂದು ಬೀಳುತ್ತದೆ. ಆಮೇಲೆ ಬ್ಯಾಂಕು, ಚಾಲನಾ ಪರವಾನಗಿ ಎಲ್ಲೆಡೆ ಆ ಮೂರಕ್ಷರ ಹಿಂಬಾಲಿಸುತ್ತದೆ. ತಿದ್ದಿಸಲು ಸಮಯವಿಲ್ಲದಿದ್ದರೆ ಪಾಸ್‌ಪೋರ್ಟಿನಂತೆಯೇ ಎಲ್ಲ ಕಡೆ ಬರೆದು, ಎರಡೂ ಹೆಸರು ಒಬ್ಬರದೇ ಎಂಬ ಶಾಲೆಯ ಪತ್ರವನ್ನು ಅಂಕಪಟ್ಟಿಯ ಜೊತೆ ಸೇರಿಸಿ.

ಪ್ರಶ್ನೆ: ಅರ್ಜಿ ಕಳಿಸಿ ಐದು ದಿನವಾಯಿತು. ಕಾಲೇಜಿನ ಪೋರ್ಟಲ್‌ನಲ್ಲಿ ‘ಅಂಕಪಟ್ಟಿ ಬಂದಿಲ್ಲ’ ಎಂದು ತೋರಿಸುತ್ತಿದೆ. ಶಾಲೆಯವರು ಕಳಿಸಿದ್ದೇವೆ ಎನ್ನುತ್ತಾರೆ.

ಗಡುವಿನ ಹೊತ್ತಿಗೆ ರಾಶಿ ಬಿದ್ದ ಕಾಗದಗಳನ್ನು ಕಡತಕ್ಕೆ ಸೇರಿಸಲು ಒಂದೆರಡು ವಾರ ಹಿಡಿಯುವುದು ಮಾಮೂಲು. ಅಷ್ಟರೊಳಗೆ ಎರಡನೇ ಪ್ರತಿ ಕಳಿಸಿದರೆ ಅವರ ರಾಶಿ ಇನ್ನಷ್ಟು ಬೆಳೆಯುತ್ತದೆ. ಎರಡು ವಾರವಾದರೂ ಬದಲಾಗದಿದ್ದರೆ ಪೂರ್ಣ ಹೆಸರು, ಜನ್ಮದಿನಾಂಕ, ಅರ್ಜಿ ಸಂಖ್ಯೆ, ಶಾಲೆ ಕಳಿಸಿದ ದಿನ ಬರೆದು ಅಡ್ಮಿಷನ್ಸ್ ಕಚೇರಿಗೆ ಇಮೇಲ್ ಮಾಡಿ, ಎರಡು ಕಡತ ಹುಟ್ಟಿವೆಯೇ ನೋಡಲು ಹೇಳಿ.

ನೀವು ಇವತ್ತೇ ನೋಡಬೇಕಾದ್ದು ಬೇರೆ: ಕೆಲವು ಕಾಲೇಜುಗಳ ಪೂರಕ ಪ್ರಬಂಧವನ್ನು ಕಾಮನ್ ಆ್ಯಪ್‌ನಲ್ಲಿ ಮುಖ್ಯ ಅರ್ಜಿಯ ನಂತರ ಪ್ರತ್ಯೇಕವಾಗಿ ಸಲ್ಲಿಸಬೇಕು. ಶುಲ್ಕ ಕಟ್ಟಿ, ಸಹಿ ಹಾಕಿ, ಪರದೆ ಅಭಿನಂದನೆ ಹೇಳಿದ ಮೇಲೂ ಅದು ಉಳಿದಿರಬಹುದು. ಡ್ಯಾಶ್‌ಬೋರ್ಡಿನಲ್ಲಿ ಆ ಕಾಲೇಜಿನ ಮುಂದೆ ಎಲ್ಲ ಸಾಲಿಗೂ ಹಸಿರು ಗುರುತು ಬಿದ್ದಿದೆಯೇ ನೋಡಿ, ಒಂದು ಸ್ಕ್ರೀನ್‌ಶಾಟ್ ತೆಗೆದಿಡಿ.